ಗಾಣ ಬಿಟ್ಟ ಬೂದಪ್ಪ

ಕಾಡಂಚಿನಲ್ಲಿ ಒಂದು ಹುಲ್ಲುಗಾವಲಿತ್ತು. ನಡುವೆ ಒಂದು ಹೊಂಗೆ ಮರ, ಅಲ್ಲಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಒಂದು ಕೆರೆ. ಅಲ್ಲಿಗೆ ಬೂದಪ್ಪ ಎಂಬ ಮುದಿ ಎತ್ತು ಬಂದು ಸೇರಿದ್ದ, ಮಕ್ಕಳೇ. ಹದಿನಾರು ವರ್ಷ ಎಣ್ಣೆಗಾಣ ತಿರುಗಿಸಿ ನಿವೃತ್ತಿಯಾದವನು. ಗಾಣದ ಯಜಮಾನ ನಂಜಪ್ಪ ಅವನ ಕೊರಳಿಗೆ ಚೆಂಡುಹೂವಿನ ಹಾರ ಹಾಕಿ, "ದುಡಿದದ್ದು ಸಾಕಪ್ಪ, ಇನ್ನು ಹಾಯಾಗಿರು" ಎಂದು ಕಣ್ಣೊರೆಸಿಕೊಂಡು ಅಲ್ಲಿ ಬಿಟ್ಟುಹೋಗಿದ್ದ.

ಹಾಯಾಗಿರುವುದು ಹೇಗೆ ಅಂತ ಮಾತ್ರ ಹೇಳಿಕೊಟ್ಟಿರಲಿಲ್ಲ. ಎಡವಟ್ಟಾಗಿದ್ದು ಅಲ್ಲೇ ನೋಡಿ.

ಮರುದಿನ ಬೆಳಕು ಹರಿಯುತ್ತಲೇ ಬೂದಪ್ಪ ಎದ್ದು ಹೊಂಗೆ ಮರದ ಸುತ್ತ ತಿರುಗತೊಡಗಿದ. ಗಾಣದಲ್ಲಿ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದರಲ್ಲ, ಆ ಅಭ್ಯಾಸಕ್ಕೆ ಕಣ್ಣನ್ನೂ ಮುಚ್ಚಿಕೊಂಡಿದ್ದ.

"ಏನಜ್ಜ, ಏನು ಕಳೆದುಕೊಂಡಿರಿ?" ಎಂದು ಮೊಲ ಕೇಳಿತು.

"ಡ್ಯೂಟಿಯಲ್ಲಿದ್ದೇನೆ, ಮಾತಾಡಿಸಬೇಡ."

"ಮತ್ತೆ ಎಣ್ಣೆ ಎಲ್ಲಿ?"

"ಎಣ್ಣೆ ನೋಡಿಕೊಳ್ಳೋದು ನಂಜಪ್ಪನ ಕೆಲಸ. ನನ್ನದು ಸುತ್ತೋದು!"

ನಾಲ್ಕೇ ದಿನಕ್ಕೆ ಮರದ ಸುತ್ತಲಿನ ಹುಲ್ಲೆಲ್ಲ ಕಾಲಡಿ ಸಿಕ್ಕಿ ಮಣ್ಣಾಯಿತು. ಬೂದಪ್ಪನ ಪಕ್ಕೆಲುಬು ಎಣಿಸುವ ಹಾಗಾಯಿತು. ಕೆರೆ ದಡದ ಅತ್ತಿ ಮರದ ಪೊಟರೆಯಲ್ಲಿ ಈರಕ್ಕ ಎಂಬ ಮೈನಾ ಹಕ್ಕಿ ಇದ್ದಳು. ಅವಳಿಗೆ ನೋಡಲಾಗಲಿಲ್ಲ.

"ಅಜ್ಜ, ಕೆರೆ ಹತ್ತಿರ ಮೊಣಕಾಲುದ್ದ ಹುಲ್ಲಿದೆ, ಬನ್ನಿ. ಹೀಗೇ ಸುತ್ತಿದರೆ ಸತ್ತೇ ಹೋಗುತ್ತೀರಿ."

"ನಿಲ್ಲು ಅಂತ ಯಾರೂ ಹೇಳಿಲ್ಲವಲ್ಲ ತಾಯಿ!"

ಮೈನಾಗಳಿಗೆ ಒಮ್ಮೆ ಕೇಳಿದರೆ ಯಾರ ದನಿಯಾದರೂ ಬರುತ್ತದೆ; ಬೂದಪ್ಪನನ್ನು ಬಿಡಲು ಬಂದ ದಿನ ನಂಜಪ್ಪನ ಮಾತು ಅವಳ ಕಿವಿಗೆ ಬಿದ್ದಿತ್ತು. ಈರಕ್ಕ ಗಂಟಲು ಸರಿಮಾಡಿಕೊಂಡು ಥೇಟ್ ನಂಜಪ್ಪನ ಹಾಗೆ, "ಹೋ... ನಿಲ್ಲೋ ಬೂದಾ!" ಎಂದಳು. ಬೂದಪ್ಪ ಗಕ್ಕನೆ ನಿಂತ. ಅವಳು ಕೊಂಬಿನ ಮೇಲೆ ಕೂತು ಎಡ, ಬಲ ಎನ್ನುತ್ತ ಕೆರೆಗೆ ಕರೆದೊಯ್ದಳು. "ಮೇಯೋ" ಎಂದರೆ ಮೇಯ್ದ. "ಕುಡಿಯೋ" ಎಂದರೆ ಕುಡಿದ. ಹಿಂದಿರುಗಿ ಹೊಂಗೆ ಮರದಡಿ ಮಲಗಿದ.

ಅಂದಿನಿಂದ ಶುರುವಾಯಿತು ಈರಕ್ಕನ ಪಜೀತಿ. "ಏಳಲೇ?", "ನೊಣ ಕೂತಿದೆ, ಬಾಲ ಬೀಸಲೇ?" ಎಂದು ದಿನವಿಡೀ ಒಂದೇ ರಾಗ.

"ಅಯ್ಯೋ ನನ್ನ ಕರ್ಮವೇ! ಮನೆಯಲ್ಲಿ ಎರಡು ಮರಿಗಳಿವೆ ಕಣಜ್ಜ, ನೀವು ಮೂರನೆಯವರು. ನಿಮಗೇ ಏನಾದರೂ ಮಾಡಬೇಕು ಅನ್ನಿಸುವುದಿಲ್ಲವೇ?"

ಬೂದಪ್ಪ ಹೇಳಿದ, "ನೊಗ ಇಳಿದ ಮೇಲೆ ನಾನು ಯಾರಿಗೂ ಬೇಡದವನು ಅನ್ನಿಸುತ್ತದೆ ತಾಯಿ. ಹೇಳಿದ್ದು ಮಾಡುತ್ತಿದ್ದರೆ ಅಷ್ಟು ಹೊತ್ತು ಆ ಸಂಕಟ ಮರೆಯುತ್ತದೆ."

ಈರಕ್ಕ ಅವನ ಬೆನ್ನ ಮೇಲಿನ ನೊಣವನ್ನು ತಾನೇ ಓಡಿಸಿದಳು.

ಒಂದು ದಿನ ಮಧ್ಯಾಹ್ನವಾದರೂ ಅವಳು ಬರಲಿಲ್ಲ. ಬೂದಪ್ಪ ಕಣ್ಣು ಮುಚ್ಚಿಕೊಂಡು, ಹಸಿದ ಹೊಟ್ಟೆಯಲ್ಲಿ ಅಪ್ಪಣೆಗೆ ಕಾಯುತ್ತ ನಿಂತಿದ್ದ. ಅಷ್ಟರಲ್ಲಿ ಕೆರೆ ಕಡೆಯಿಂದ ಚೀರಾಟ ಕೇಳಿಸಿತು. "ಅಯ್ಯೋ, ಮರಿ ಕೆಳಗೆ ಬಿತ್ತು! ಬೆಕ್ಕು ಬಂತು, ಬೆಕ್ಕು!"

ಬೂದಪ್ಪ ಕಣ್ಣು ಬಿಟ್ಟ. ಅತ್ತಿ ಮರದ ಬುಡದಲ್ಲಿ ಮರಿ ಒದ್ದಾಡುತ್ತಿತ್ತು, ಕಾಡುಬೆಕ್ಕು ಹೊಟ್ಟೆ ನೆಲಕ್ಕೊತ್ತಿ ತೆವಳುತ್ತಿತ್ತು. ಬೂದಪ್ಪ ಓಡಿದ! ಹದಿನಾರು ವರ್ಷದಲ್ಲಿ ಮೊದಲ ಸಲ ನೆಟ್ಟಗೆ ಓಡಿದ. ಕೊಂಬು ತಗ್ಗಿಸಿ ನುಗ್ಗಿದ ರಭಸಕ್ಕೆ ಕಾಡುಬೆಕ್ಕು ಎದ್ದೆನೋ ಬಿದ್ದೆನೋ ಎಂದು ಪರಾರಿಯಾಯಿತು. ಅವನು ತುಳಿದ ಹುಲ್ಲಿನಿಂದ ರಾಶಿ ರಾಶಿ ಮಿಡತೆಗಳು ಚಿಮ್ಮಿದವು. ಒಂದು ಮಿಡತೆ ಮರಿಯ ಮುಂದೆಯೇ ಬಿತ್ತು. ಮರಿ ಅಳುವುದನ್ನು ಬಿಟ್ಟು ಗುಳುಂ ಎನಿಸಿತು.

ಬೂದಪ್ಪ ತಲೆ ಬಗ್ಗಿಸಿದ. ಮರಿ ಕೊಂಬು ಹತ್ತಿ ಕೂತಿತು. ಅವನು ಕತ್ತೆತ್ತಿ ಅದನ್ನು ಪೊಟರೆಗೆ ದಾಟಿಸಿದ.

ಈರಕ್ಕ ಕೇಳಿದಳು, "ಓಡು ಅಂತ ನಿಮಗೆ ಯಾರು ಹೇಳಿದರಜ್ಜ?"

"ಹೇಳೋರಿಗೆ ಕಾಯುತ್ತ ನಿಂತಿದ್ದರೆ ಮರಿ ಉಳಿಯುತ್ತಿತ್ತೇನಮ್ಮ?" ಎಂದ ಬೂದಪ್ಪ. ಅಂದ ಮೇಲೆ ತನ್ನ ಮಾತಿಗೆ ತಾನೇ ಬೆರಗಾದ.

ಪೊಟರೆಯಿಂದ ಎರಡು ಪುಟ್ಟ ತಲೆಗಳು ಹೊರಬಂದವು. "ಅಜ್ಜಾ, ನಾಳೆಯೂ ಬಾ! ಹುಲ್ಲು ತುಳಿದು ಮಿಡತೆ ಹಾರಿಸು!"

ಮರುದಿನ ಬೆಳಗ್ಗೆ ಬೂದಪ್ಪ ದಾಪುಗಾಲು ಹಾಕುತ್ತ ಹೊರಟಿದ್ದ. "ಎಲ್ಲಿಗಜ್ಜ ಇಷ್ಟು ಗಡಿಬಿಡಿ?" ಎಂದಿತು ಮೊಲ.

"ದಾರಿ ಬಿಡಯ್ಯ, ಮಕ್ಕಳು ಹಸಿದಿರುತ್ತವೆ."

ಕೆರೆ ದಡದ ಹುಲ್ಲಲ್ಲಿ ಅವನು ಮುಂದೆ ಮುಂದೆ ಮೇಯುತ್ತ ನಡೆದ. ಈರಕ್ಕ ಹಿಂದೆ ಹಿಂದೆ ಮಿಡತೆ ಹಿಡಿದಳು. ಮರಿಗಳ ಹೊಟ್ಟೆ ತುಂಬಿತು. ಈರಕ್ಕನಿಗೆ ರೆಕ್ಕೆ ಸೋತಿತು. ಅವಳು ನಂಜಪ್ಪನ ದನಿ ತೆಗೆದು, "ಹೋ... ಸಾಕು ನಿಲ್ಲೋ ಬೂದಾ!" ಎಂದಳು.

ಬೂದಪ್ಪ ಬಾಯಲ್ಲಿದ್ದ ಹುಲ್ಲನ್ನು ನಿಧಾನವಾಗಿ ಅಗಿದು ನುಂಗಿದ. "ನಿನಗೆ ಸುಸ್ತಾಗಿದ್ದರೆ ಹೋಗಿ ಮಲಗು ತಾಯಿ. ನನಗೆ ಆ ದಡವನ್ನೂ ನೋಡಬೇಕು ಅನ್ನಿಸಿದೆ" ಎಂದು ಮುಂದೆ ನಡೆದ.

ನೀತಿ: ದುಡಿಮೆಯಿಂದ ಬಿಡುವು ಸಿಕ್ಕ ಮೇಲೆ ನಾಳೆ ಏನು ಮಾಡಬೇಕೆಂದು ಯಾರೂ ಬಂದು ಹೇಳುವುದಿಲ್ಲ, ಕಣ್ಣು ಬಿಟ್ಟು ನೋಡಿದರೆ ನಮಗಾಗಿ ಕಾಯುವವರು ಹತ್ತಿರದಲ್ಲೇ ಇರುತ್ತಾರೆ.