ನೆಲದಡಿಯಿಂದ ಬಂದ ಸಣ್ಣಿ

ಒಂದಾನೊಂದು ಕಾಲ, ಅದೂ ನಿನ್ನ ಬೆರಳು ನನ್ನ ಬೆರಳು ಸೇರಿಸಿ ಎಣಿಸಿದರೂ ಸಾಲದಷ್ಟು ಹಿಂದೆ, ಹಿಮದ ನಾಡಿನಲ್ಲಿ ದ್ಯಾವಮ್ಮ ಅಂತ ಒಬ್ಬ ಮುದುಕಿ ಇದ್ದಳಂತೆ. ಅವಳ ಒಬ್ಬಳೇ ಮಗಳು ಚೆಲುವಿಯನ್ನು ದೂರದ ನಕ್ಷತ್ರಗಳ ಊರಿಗೆ ಕೊಟ್ಟಿದ್ದರಂತೆ. ಆ ಊರಿನ ನಡುವೆ ಒಂದು ಕರೀ ಸುಳಿ. ಹತ್ತಿರ ಬಂದ ನಕ್ಷತ್ರವನ್ನೆಲ್ಲ ನುಂಗೋದು, ಬಾಯಿಗೆ ಹಿಡಿಸದೆ ಉಳಿದದ್ದು ಎರಡೂ ಕಡೆ ಬೆಂಕಿ ಕಾರಂಜಿಯಾಗಿ ಚಿಮ್ಮೋದಂತೆ. ಒಂದು ದಿನ ಆ ಊರಿಗೆ ದೂಳು ಮುಸುಕಿ, ಊರೇ ಕಾಣದೇ ಹೋಯಿತು. ಸುಳಿ ನನ್ನ ಮಗಳನ್ನೂ ನುಂಗಿತು ಅಂತ ದ್ಯಾವಮ್ಮ ಊಟ ಬಿಟ್ಟಳಂತೆ.

ಅಲ್ಲಿ ಚೆಲುವಿಗೆ ಏನೂ ಆಗಿರಲಿಲ್ಲ. ಅಮ್ಮ ಕೊರಗುತ್ತಾಳೆ ಅಂತ ಅವಳಿಗೆ ಗೊತ್ತು. ಮೂವರು ಮಕ್ಕಳನ್ನೂ ಕಾರಂಜಿಯ ಮೇಲೆ ಕೂರಿಸಿ, ಅಜ್ಜಿಗೆ ಸುದ್ದಿ ಮುಟ್ಟಿಸಿ ಅಂತ ಕಳಿಸಿದಳಂತೆ.

ದೊಡ್ಡವನು ಗಟ್ಟಿಗ. ಯಾರು ಕರೆದರೂ ಒಲ್ಲೆ ಅನ್ನೋಕೆ ಬಾರದವನು. ದಾರಿಯಲ್ಲಿ ಒಬ್ಬರು ಬಾಪ್ಪ ಮಜ್ಜಿಗೆ ಕುಡಿ ಅಂದರೆ ಆ ಕಡೆ ತಿರುಗಿದ, ಇನ್ನೊಬ್ಬರು ಕರೆದರೆ ಈ ಕಡೆ. ಅಂತೂ ಬಂದ, ಆದರೆ ತಲೆ ತಿರುಗಿ ಅಮ್ಮನ ಮಾತೂ ಮರೆತಿತ್ತು. ಯಾವ ಕಡೆಯಿಂದ ಬಂದೆಯೋ ಅಂತ ಅಜ್ಜಿ ಕೇಳಿದರೆ ನಾಲ್ಕು ದಿಕ್ಕಿಗೂ ಕೈ ತೋರಿಸಿದನಂತೆ. ಎರಡನೆಯವನು ಬೆಳಗ, ಮಹಾ ಚುರುಕು, ಆದರೆ ಊರು ದಾಟುವ ಮೊದಲೇ ದೂಳಿಗೆ ಸಿಕ್ಕಿ, ಅದನ್ನೇ ಬೆಚ್ಚಗೆ ಮಾಡಿಕೊಂಡು ಕೂತುಬಿಟ್ಟನಂತೆ.

ಆಮೇಲೆ ಕಿರಿಯವಳು ಸಣ್ಣಿ. ತೂಕವೇ ಇಲ್ಲವೇನೋ ಅನ್ನುವಂಥ ಹುಡುಗಿ. ಯಾರು ಕರೆದರೂ ಓಗೊಡಳು. ಜಂಭದವಳು ಅಂತ ಜನ ಆಡಿಕೊಂಡರು. ಅವಳು ಬೆಟ್ಟ, ಗೋಡೆ, ದೂಳು ಎಲ್ಲದರ ಒಳಗಿಂದ ನೆಟ್ಟಗೆ ಬಂದಳಂತೆ. ಭಯ ಒಂದೇ, ಅಜ್ಜಿಯನ್ನೂ ತಾಗದೆ ಹಾಗೇ ದಾಟಿ ಹೋಗಿಬಿಟ್ಟರೆ?

ದ್ಯಾವಮ್ಮನೋ ದೊಡ್ಡವನು ಬಂದ ಮೇಲೆ ಇನ್ನೂ ನೆಂಟರು ಬಂದಾರು ಅಂತ ಅಂಗಳ ಗುಡಿಸಿ, ರಂಗೋಲಿ ಇಟ್ಟು, ಬಾಗಿಲಲ್ಲಿ ಆಕಾಶಕ್ಕೆ ಕತ್ತೆತ್ತಿ ನಿಂತಿದ್ದಳು. ಸಣ್ಣಿ ಬಂದದ್ದು ನೆಲದಡಿಯಿಂದ! ಹಿತ್ತಲಲ್ಲಿ ಹಿಮ ಕೊರೆದ ಆಳದ ಬಾವಿ ಇತ್ತು. ಮಗಳ ತೊಟ್ಟಿಲಿನ ಗಾಜಿನ ಮಣಿಸರ ಕಣ್ಣಿಗೆ ಬಿದ್ದರೆ ಅಳು ಬರುತ್ತೆ ಅಂತ ದ್ಯಾವಮ್ಮ ಅದನ್ನು ಅಲ್ಲಿ ಇಳಿಬಿಟ್ಟಿದ್ದಳಂತೆ. ಅಲ್ಲೇ ಒಂದು ಹಿಮದ ಹರಳಿಗೆ ಸಣ್ಣಿಯ ಕಾಲು ಎಡವಿತು. ನೀಲಿ ಬೆಳಕು ಚಿಮ್ಮಿ, ಮಣಿಗಳು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹೊತ್ತಿಕೊಂಡವು. ದ್ಯಾವಮ್ಮ ಓಡಿಬಂದು ಬಗ್ಗಿದಳು.

ಅಜ್ಜೀ, ಅಮ್ಮ ಸುಳಿಯಿಂದ ದೂರ ಮನೆ ಮಾಡಿದ್ದಾಳೆ. ಚೆನ್ನಾಗಿದ್ದಾಳೆ. ನೀನು ಉಣ್ಣಬೇಕಂತೆ.

ಅಷ್ಟೇ ಮಾತು. ಮಣಿಗಳು ಹೊತ್ತಿದ ಗೆರೆ ಹಿಡಿದು ನೋಡಿದರೆ, ಇಷ್ಟು ದಿನ ತಲೆಯ ಮೇಲೆ ಹುಡುಕಿದ ಮಗಳ ಊರು ಆ ಹೊತ್ತಿಗೆ ಕಾಲ ಕೆಳಗೆ, ಭೂಮಿಯ ಆಚೆ ಬದಿಯಲ್ಲೇ ಇತ್ತಂತೆ. ದ್ಯಾವಮ್ಮ ಎರಡು ತುತ್ತು ಹೆಚ್ಚೇ ಉಂಡು, ಬರೀ ನೆಲದ ಮೇಲೆ ಕೆನ್ನೆ ಊರಿ ಮಲಗಿದಳು. ಅವಳಿಗೂ ನಿದ್ದೆ ಬಂತು, ಕತೆಗೂ ನಿದ್ದೆ ಬಂತು.