ಬೋಳು ಕುರಿಯ ಈಜುಡುಗೆ

ಉಣ್ಣೆ ಕತ್ತರಿಸಿಕೊಂಡು ಬೋಳಾಗಿದ್ದ ಕುರಿಯೊಂದಕ್ಕೆ ಕೆರೆಯಲ್ಲಿ ಈಜುವ ಆಸೆ, ಆದರೆ ಬರಿಮೈ ತೋರಿಸಲು ನಾಚಿಕೆ. ಅದು ಬೆಕ್ಕಿನ ಅಂಗಡಿಗೆ ಹೋಗಿ ಬಿಳಿಯ ಈಜುಡುಗೆಯೊಂದನ್ನು ಆರಿಸಿತು.

"ನೆನೆದರೆ ಹೇಗಿರುತ್ತೆ ಸಾವ್ಕಾರ್ರೇ?"

"ನಾನು ನೀರು ಮುಟ್ಟೋನಲ್ಲ ತಾಯಿ. ಆದರೆ ಮಾಲು ಗಟ್ಟಿ, ಕಣ್ಮುಚ್ಚಿ ತಗೊಳ್ಳಿ," ಎಂದಿತು ಬೆಕ್ಕು.

ಕುರಿ ಕಣ್ಮುಚ್ಚಿಯೇ ತಗೊಂಡಿತು. ಕೆರೆಯಲ್ಲಿ ಒಂದು ಮುಳುಗು ಹಾಕಿ ಎದ್ದರೆ ಬಟ್ಟೆ ಗಾಜಿನಂತಾಗಿ, ಮೈಮೇಲಿನ ಕತ್ತರಿ ಗೀರುಗಳೆಲ್ಲ ಕಂಡವು. ದಡದ ಕಪ್ಪೆಗಳು ಹೊಟ್ಟೆ ಹಿಡಿದು ನಕ್ಕವು. ಕುರಿ ಕುತ್ತಿಗೆಯವರೆಗೆ ನೀರಿನಲ್ಲೇ ನಿಂತುಬಿಟ್ಟಿತು.

"ಎಷ್ಟು ಹೊತ್ತು ನಿಲ್ತೀಯವ್ವ? ಕೆಸರಲ್ಲಿ ಹೊರಳು. ನಾನು ದಿನಾ ಉಡೋದು ಅದನ್ನೇ," ಎಂದಿತು ದಡದ ಕೆಸರಿನಲ್ಲಿ ಮಲಗಿದ್ದ ಎಮ್ಮೆ.

ಕುರಿ ಕೆಸರು ಉಟ್ಟು ನೇರ ಅಂಗಡಿಗೆ ನಡೆಯಿತು. ತಮಾಷೆ ನೋಡಲು ಕಪ್ಪೆಗಳೂ ಹಿಂದೆಯೇ ಕುಪ್ಪಳಿಸಿದವು.

"ಕೊಳೆಯಾದ ಮಾಲು ವಾಪಸ್ ತಗೊಳ್ಳಲ್ಲ," ಎಂದಿತು ಬೆಕ್ಕು.

"ಬೇಡ ಬಿಡಿ. ಇಂಥದ್ದೇ ಒಂದು ನೀವು ಹಾಕ್ಕೊಂಡು, ಬಾಗಿಲಲ್ಲಿರೋ ಕೊಡದ ನೀರು ಸುರ್ಕೊಳ್ಳಿ. ಮೈ ಕಾಣದಿದ್ರೆ ಈ ಕಪ್ಪೆಗಳಿಗೆಲ್ಲ ನಾನೇ ಒಂದೊಂದು ಕೊಡಿಸ್ತೀನಿ."

ಬೆಕ್ಕು ಕಪ್ಪೆಗಳನ್ನು ನೋಡಿತು, ಕೊಡವನ್ನು ನೋಡಿತು. ವ್ಯಾಪಾರ ದೊಡ್ಡದೇ, ಆದರೆ ಕೊಡವೂ ದೊಡ್ಡದು. ಮೆಲ್ಲಗೆ ಒಳಗೆ ಹೋಗಿ, ಲೈನಿಂಗ್ ಕೊಟ್ಟ ದಪ್ಪ ಕಪ್ಪು ಉಡುಗೆ ತಂದು, "ಬದಲಿಗೆ ಇದು ತಗೊಳ್ಳಿ ತಾಯಿ," ಎಂದಿತು.

ಕುರಿ ಅದರ ಅಂಚನ್ನು ಕೊಡದಲ್ಲಿ ಅದ್ದಿ, ಹಿಂದೆ ಗೊರಸಿಟ್ಟು ಬೆಳಕಿಗೆ ಹಿಡಿಯಿತು. ಗೊರಸು ಕಾಣಲಿಲ್ಲ. "ಈಗ ಕಟ್ಟಿಕೊಡಿ," ಎಂದಿತು.

ಕಪ್ಪೆಗಳ ನಗು ನಿಂತಿತು. ಹಿರಿಯ ಕಪ್ಪೆ ಮುಂದೆ ಬಂದು ಹೇಳಿತು: "ನಮಗೂ ತೋರಿಸಿ ಸಾವ್ಕಾರ್ರೇ. ನೆನೆಸಿ ತೋರಿಸಿ."