ತೊಟ್ಟಿಲುಹೊಯ್ಗೆ

ಕುಂದಾಪುರದಿಂದ ಕಡಲದಂಡೆ ಹಿಡಿದು ಉತ್ತರಕ್ಕೆ ನಡೆದರೆ, ಒಂದು ಸಣ್ಣ ಹೊಳೆ ಕಡಲು ಸೇರುವಲ್ಲಿ ಬಿಳಿ ಮರಳಿನ ನಡುವೆ ಕಪ್ಪು ಹೊಯ್ಗೆಯ ಹಾಸು ಕಾಣುತ್ತದೆ; ಮರಳಿಗೆ ನಮ್ಮ ಕಡೆಯ ಮಾತು ಹೊಯ್ಗೆ. ಅದೇ ನಮ್ಮೂರ ತೊಟ್ಟಿಲುಹೊಯ್ಗೆ. ಬೊಗಸೆಯಲ್ಲಿ ಎತ್ತಿದವರು ಅದರ ಭಾರಕ್ಕೆ ಹುಬ್ಬೇರಿಸುತ್ತಾರೆ. ಅಯಸ್ಕಾಂತ ಹಿಡಿದರೆ ಕಣಗಳು ಅಂಟಿಕೊಳ್ಳುತ್ತವೆ. ತಿಳಿದವರು ಇದನ್ನು ಇಲ್ಮನೈಟ್ ಎನ್ನುತ್ತಾರೆ, ಟೈಟಾನಿಯಂ ಲೋಹದ ಅದಿರು. ಘಟ್ಟದ ಬಂಡೆಗಳು ಸವೆದು ಪುಡಿಯಾಗಿ ಹೊಳೆಯಲ್ಲಿ ಇಳಿದು ಬಂದಮೇಲೆ, ಹಗುರ ಮರಳನ್ನು ಅಲೆ ಎಳೆದೊಯ್ದು ಈ ಭಾರದ ಕಣಗಳನ್ನು ಇಲ್ಲೇ ಬಿಟ್ಟಿತಂತೆ. ವಿಮಾನಕ್ಕೆ ಬೇಕಾದ ಲೋಹವೂ ಗೋಡೆಗೆ ಬಳಿಯುವ ಬಿಳಿ ಬಣ್ಣವೂ ಇಂಥ ಕಪ್ಪಿನಿಂದಲೇ ಹುಟ್ಟುತ್ತವೆ. ಕಪ್ಪೆಂದರೆ ಮೂಗು ಮುರಿಯುವವರು ಈ ಮಾತು ಕೇಳಿಸಿಕೊಳ್ಳಬೇಕು! ನಮಗೆ ಅದು ಮಾಡಿದ ಉಪಕಾರವಂತೂ ಇದೆಲ್ಲಕ್ಕಿಂತ ಬಹಳ ಹಿಂದಿನದು.

ಹಿಂದೆ ಒಮ್ಮೆ ಈ ಹೊಯ್ಗೆಯನ್ನು ಯಾರೂ ತುಳಿಯುತ್ತಿರಲಿಲ್ಲ. ಮೇಲಿನೂರುಗಳ ಸುಡುಗಾಡಿನ ಬೂದಿಯನ್ನು ಹೊಳೆ ತಂದು ಇಲ್ಲಿ ಸುರಿಯುತ್ತದೆಂದು ನಮ್ಮ ಹಿರಿಯರು ನಂಬಿದ್ದರು. ತಪ್ಪಿ ಕಾಲಿಟ್ಟವರು ಮಿಂದೇ ಮನೆ ಸೇರಬೇಕು. ಅಂಥ ಕಾಲದ ಒಂದು ಮಾಗಿಯಲ್ಲಿ, ಮೀನುಗಾರರ ಮನೆಯ ಮೂಕಾಂಬು ಎಂಬಾಕೆಯ ಸೊಸೆಗೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ಅಂಗೈಯಷ್ಟು ಕೂಸು, ಅಳುವ ತ್ರಾಣವೂ ಇಲ್ಲ, ಮೈ ತಣ್ಣಗಾಗುತ್ತಿದೆ. ಬೆಂಕಿಯ ಬಳಿ ಹಿಡಿದರೆ ಹೊಗೆಗೆ ಉಸಿರು ಕಟ್ಟಿತು. ಇದು ಉಳಿಯದೆಂದು ನೆರೆಯವರು ಕೈಚೆಲ್ಲಿದರು. ಮೂಕಾಂಬು ಮಾತ್ರ ಮಧ್ಯಾಹ್ನದ ಬಿಸಿಲಲ್ಲಿ ಬುಟ್ಟಿ ಹಿಡಿದು ಕಪ್ಪು ಹೊಯ್ಗೆಯತ್ತ ನಡೆದಳು. ಹೆಂಗಸರು ಅಡ್ಡ ನಿಂತಾಗ, "ಆಮಿ ಮೊಟ್ಟಿ ಇಡೂದ್ ಅಲ್ಲೇ ಅಲ್ದಾ? ಅದ್ಕಿಲ್ದಿದ್ ಮೈಲ್ಗಿ ನಂಗೆಂತಕ್ಕೆ?" ಎಂದಳಂತೆ. ಕಡಲಾಮೆಗಳು ಚಳಿಯಲ್ಲಿ ಬಿಳಿ ಮರಳು ಬಿಟ್ಟು, ಬಿಸಿಲುಂಡ ಈ ಕಪ್ಪಿನಲ್ಲೇ ಮೊಟ್ಟೆ ಹೂಳುವುದನ್ನು ಆಕೆ ವರ್ಷಗಟ್ಟಲೆ ಕಂಡಿದ್ದಳು.

ಕಾದ ಹೊಯ್ಗೆಯನ್ನು ಹಳೆ ಸೀರೆಯಲ್ಲಿ ಗಂಟು ಕಟ್ಟಿ, ತನ್ನ ಕೆನ್ನೆಗೆ ಒತ್ತಿ ಬಿಸಿ ನೋಡಿ, ಭಾರ ಮೈಮೇಲೆ ಬೀಳದಂತೆ ಕೂಸಿನ ಎರಡೂ ಮಗ್ಗುಲಿಗೆ ಇಟ್ಟಳು. ಬಿಸಿಲು ಇಳಿದಮೇಲೆ ಅದನ್ನೇ ಅಂಗಳದ ಒಲೆಯಲ್ಲಿ ಕಾಯಿಸಿದಳು. ಒಂದು ಗಂಟು ಆರುವ ಮೊದಲು ಇನ್ನೊಂದು. ಅಡ್ಡ ನಿಂತ ಹೆಂಗಸರೇ ಆಮೇಲೆ ಬುಟ್ಟಿ ಹೊತ್ತರು. ಮಾಗಿ ಮುಗಿಯುವ ಹೊತ್ತಿಗೆ ಕೂಸು ಮನೆಯ ಮಾಡು ಹಾರಿಹೋಗುವಂತೆ ಅಳತೊಡಗಿತು. ಅಷ್ಟಾದರೂ, ಕಾಲಿಗೆ ಕಪ್ಪು ಅಂಟಿಸಿಕೊಂಡೇ ಹೊಸ್ತಿಲಿಗೆ ಬಂದ ಮೂಕಾಂಬುವನ್ನು ಕಂಡು ಒಬ್ಬಾಕೆ ಶಾಸ್ತ್ರ ಬಿಡಲಿಲ್ಲ: "ಮಿಂದ್ಕಂಡ್ ಒಳ್ಗ್ ಬನ್ನಿ, ಮೂಕಾಂಬಕ್ಕ." ಮೂಕಾಂಬು ನಕ್ಕಳು. "ಮಗಿನ್ ಬದ್ಕ್ಸಿದ್ ಹೊಯ್ಗಿ ಮಾರಾಯ್ತಿ. ಅದ್ ನಮ್ಮನಿಯೊಳ್ಗೆ ಬರ್ಲಿ."

ಅಂದಿನಿಂದ ಆ ಜಾಗ ತೊಟ್ಟಿಲುಹೊಯ್ಗೆಯಾಯಿತು ಎನ್ನುತ್ತಾರೆ. ಆ ಕೂಸಿನ ಪೀಳಿಗೆಯವನು ನಾನು. ಆ ಹೊಯ್ಗೆಯ ಋಣ ನನ್ನ ಮೈಯಲ್ಲೇ ಇದೆ. ಇಂದಿಗೂ ಸಂಜೆ ದಂಡೆಗೆ ಬಂದ ಬೇರೆಯೂರಿನವರು ಹೊರಡುವಾಗ ಮಕ್ಕಳ ಕಾಲು ಕೊಡವಿ, ತೊಳೆದು, ಒರೆಸುತ್ತಾರೆ. ನಮ್ಮೂರ ತಾಯಂದಿರು ಮಾತ್ರ ಕಪ್ಪು ಅಂಟಿದ ಕಾಲಿನಲ್ಲೇ ಮಕ್ಕಳನ್ನು ಎತ್ತಿಕೊಂಡು ಮನೆಯೊಳಗೆ ಹೋಗುತ್ತಾರೆ.